ಮುಯ್ಯಾಳು ಹೋದ ಐದು ದಿನ

ನನ್ನ ಬಾಯಿ ಜೋರು ಅಂತ ಇಡೀ ಊರಿಗೆ ಗೊತ್ತು. ಡೈರಿಯಲ್ಲಿ ಹಾಲಿನ ಅಳತೆ ಕಮ್ಮಿ ಬಂದರೆ ಅಲ್ಲಿನ ಕಾರ್ಯದರ್ಶಿ ನನ್ನ ಮುಖ ನೋಡುವುದಿಲ್ಲ, ಯಂತ್ರದ ಮುಖ ನೋಡುತ್ತಾನೆ. ನಾಲೆ ನೀರಿನ ಸರದಿ ತಪ್ಪಿಸಿದವನ ಬಾಗಿಲಲ್ಲಿ ನಿಂತು ಅವನ ಮೂರು ತಲೆಮಾರನ್ನು ಜಾಲಾಡಿ ಬಂದವಳು ನಾನು. ಅಂಥ ಬಾಯಿ ಬೇಕಾದ ಹೊತ್ತಿನಲ್ಲಿ ಒಂದೇ ಒಂದು ಸಲ ಮುಚ್ಚಿಕೊಂಡಿತು. ಬರೆದರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ಹಗುರಾಗುವುದು ನನಗೆ ಬೇಕಿಲ್ಲ, ನಡೆದದ್ದು ನಡೆದ ಹಾಗೆ ಒಂದು ಕಡೆ ಇರಲಿ ಅಂತ ಬರೆಯುತ್ತಿದ್ದೇನೆ.

ನಮ್ಮೂರು ಮದ್ದೂರು ತಾಲ್ಲೂಕಿನ ಕೊಪ್ಪದಿಂದ ಎರಡು ಮೈಲಿ ಒಳಕ್ಕೆ. ಗದ್ದೆ, ಕಬ್ಬು, ಹಸು, ಇಷ್ಟರಲ್ಲೇ ನಮ್ಮ ಬದುಕು. ನಾಟಿ ಕಾಲ ಬಂತೆಂದರೆ ಹೆಂಗಸರ ನಡುವೆ ಮುಯ್ಯಾಳು ಶುರುವಾಗುತ್ತದೆ. ಇವತ್ತು ನೀನು ನನ್ನ ಗದ್ದೆಗೆ ಬಂದು ನಾಟಿ ಹಾಕಿದರೆ ನಾಳೆ ನಾನು ನಿನ್ನ ಗದ್ದೆಗೆ ಬಂದು ಹಾಕಬೇಕು. ದುಡ್ಡಿನ ಮಾತಿಲ್ಲ. ನನಗೆ ಆಗದಿದ್ದರೆ ನನ್ನ ಬದಲು ಇನ್ನೊಬ್ಬರನ್ನು ಕಳಿಸಬೇಕು. ಮುಯ್ಯಿ ತೀರಿಸದವಳು ಅನ್ನಿಸಿಕೊಳ್ಳುವುದಕ್ಕಿಂತ ಕಳ್ಳಿ ಅನ್ನಿಸಿಕೊಳ್ಳುವುದು ವಾಸಿ. ಆದರೆ ಮುಯ್ಯಾಳು ಬರಬೇಕಾದರೆ ನಿನಗೆ ಗದ್ದೆ ಇರಬೇಕು. ಗದ್ದೆ ಇಲ್ಲದವರು ಕೂಲಿಗೆ ಬರುತ್ತಾರೆ, ಸಂಜೆ ದುಡ್ಡು ಈಸಿಕೊಂಡು ಹೋಗುತ್ತಾರೆ. ಅವರಿಗೆ ಯಾರೂ ಮುಯ್ಯಿ ಹೋಗುವುದಿಲ್ಲ.

ಅಕ್ಕ ಹಾಗೆ ಕೂಲಿಗೆ ಬರುವವಳು. ನನ್ನ ಒಡಹುಟ್ಟಿದವಳಲ್ಲ. ನನಗಿಂತ ಹದಿನೈದು ವರ್ಷ ದೊಡ್ಡವಳು, ಕಾಲೋನಿಯವಳು, ಗೋಡೆಯ ಮೇಲೆ ಬುದ್ಧನ ಪಟ ಇರುವ ಒಂದೇ ಕೋಣೆಯ ಮನೆ ಅವಳದು. ನನ್ನ ತವರು ಮಳವಳ್ಳಿ ಕಡೆಯ ಬೆದ್ದಲು. ರಾಗಿ ಬಿಟ್ಟು ಬೇರೆ ಪೈರು ಮುಟ್ಟಿದವಳಲ್ಲ. ಸೊಸೆಯಾಗಿ ಬಂದ ವರ್ಷ ನನ್ನನ್ನು ಕೆಸರಿಗೆ ಇಳಿಸಿ ನಾಟಿ ಕಲಿಸಿದವಳು ಅಕ್ಕ. “ಬೆಟ್ಟು ಒಳೀಕೆ ಇಳೀಬೇಕು ಕಣವ್ವ, ಮೇಲ್ಮೇಲೆ ಸಿಗಿಸುದ್ರೆ ನಾಳೀಕೆ ತೇಲ್ಕೊಂಡು ನಗ್ತದೆ” ಅಂತ ಬೆರಳನ್ನು ಕೆಸರಿಗೆ ಒತ್ತಿ ತೋರಿಸುತ್ತಿದ್ದಳು. ನಮ್ಮತ್ತೆ ಅವಳಿಗೆಂದೇ ಒಂದು ಬೇರೆ ಲೋಟ ಇಟ್ಟಿದ್ದರು. ಅತ್ತೆ ತೀರಿಕೊಂಡ ಮೇಲೆ ಆ ಲೋಟವನ್ನು ನಾನು ತಿಪ್ಪೆಗೆ ಎಸೆದೆ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಅತ್ತೆ ಇರುವ ತನಕ ಎಸೆಯಲಿಲ್ಲ ಅನ್ನುವುದೂ ಅಷ್ಟೇ ನಿಜ.

ಅಕ್ಕನಿಗೆ ಒಬ್ಬಳೇ ಮಗಳು. ಗಂಡನ ಜೊತೆ ಬಾಳುವೆ ಸರಿಹೋಗದೆ ಕೈಗೂಸಿನ ಸಮೇತ ತಾಯಿಯ ಮನೆಗೆ ಬಂದಿದ್ದಳು. ಅವನು ಇನ್ನೊಂದು ಮದುವೆ ಮಾಡಿಕೊಂಡ. ತಾಯಿ ಮಗಳು ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ಒಂದು ನಾಟಿ ಕಾಲದಲ್ಲಿ, ಮಗು ಕೆಮ್ಮುತ್ತಿದೆ ಅಂತ ಅಕ್ಕ ಮನೆಯಲ್ಲಿ ಉಳಿದ ದಿನ, ಹೆಣ್ಣಾಳುಗಳನ್ನು ತುಂಬಿಕೊಂಡು ಹೊರಟ ಲಗೇಜ್ ಆಟೋ ನಾಲೆಯ ತಿರುವಿನಲ್ಲಿ ಮಗುಚಿಕೊಂಡಿತು. ಉಳಿದವರಿಗೆ ಕೈ ಮುರಿಯಿತು, ಹಲ್ಲು ಹೋಯಿತು. ಅಕ್ಕನ ಮಗಳು ಗಾಡಿಯ ಅಡಿಗೆ ಸಿಕ್ಕಿ ಅಲ್ಲೇ ಹೋದಳು.

ಪರಿಹಾರಕ್ಕೆ ಅರ್ಜಿ ಹಾಕಿ ಮಂಡ್ಯಕ್ಕೆ ಅಲೆದವರು ನಾನು ಮತ್ತು ಅಕ್ಕ. ನಮ್ಮ ಹೆಂಗಸರ ಸಂಘದಲ್ಲಿ ಹತ್ತನೇ ಕ್ಲಾಸು ಮುಗಿಸಿದವಳು ನಾನೊಬ್ಬಳೇ, ಹಾಗಾಗಿ ಕಾಗದ ಪತ್ರ ಎಲ್ಲ ನನ್ನ ಕೈಲೇ. ಏಳೆಂಟು ಸಲ ಓಡಾಡಿಸಿದ ಮೇಲೆ ಒಂದು ಆಫೀಸಿನಲ್ಲಿ ಒಬ್ಬ ಕಡತ ಮುಚ್ಚುತ್ತಾ, “ಅದು ಸರಕು ಗಾಡಿ. ಅದರಲ್ಲಿ ಕೂತು ಹೋಗೋರಿಗೆ ವಿಮೆ ಬರೋದಿಲ್ಲ” ಅಂದ. ಕೆಟ್ಟವನಲ್ಲ ಅವನು, ಮೆತ್ತಗೇ ಹೇಳಿದ.

ಅಕ್ಕ ನನ್ನ ಕಡೆ ತಿರುಗಿ, “ಸರಕು ಅಂದ್ರೇನವ್ವ?” ಅಂದಳು.

“ಸಾಮಾನು ಕಣಕ್ಕ. ಲಗೇಜು.”

ಅವಳು ಮೇಜಿನ ಅಂಚು ಹಿಡಿದುಕೊಂಡು ನಿಂತಳು. “ನನ್ ಮಗ್ಳು ಸಾಮಾನಲ್ಲ ಕಣಪ್ಪ” ಅಂದಳು. “ಎಂಟು ತಿಂಗ್ಳಿಗೇ ಉಟ್ಟುದ್ಲು. ಅತ್ತೀಲಿ ಸುತ್ತಿ ಸಾಕಿದ್ದೆ.”

ಅವನು ಇನ್ನೊಂದು ಕಡತ ತೆಗೆದ. ನಾವು ಬಸ್ ಸ್ಟ್ಯಾಂಡಿಗೆ ನಡೆದೆವು.

ಅದಾಗಿ ಎರಡು ವರ್ಷಕ್ಕೆ ಮಂಡ್ಯದಿಂದ ಒಬ್ಬ ಹುಡುಗಿ ನಮ್ಮ ಸಂಘದ ಸಭೆಗೆ ಬಂದಳು. ಹೆಂಗಸರ ಸಂಘಗಳನ್ನು ಒಟ್ಟು ಸೇರಿಸುವ ಕೆಲಸ ಅವಳದು, ಓದಿದವಳು, ಸ್ಕೂಟರಿನಲ್ಲಿ ಓಡಾಡುವವಳು. ಭೋಪಾಲಿನಲ್ಲಿ ದುಡಿಯುವ ಹೆಂಗಸರ ಸಮ್ಮೇಳನ ಇದೆ, ದೇಶದ ಎಲ್ಲ ಕಡೆಯಿಂದ ಬರುತ್ತಾರೆ, ದೆಹಲಿಯ ದೊಡ್ಡ ಅಧಿಕಾರಿಗಳು ಎದುರಿಗೆ ಕೂತು ಕೇಳುತ್ತಾರೆ ಅಂದಳು. ಮಂಡ್ಯ, ಮದ್ದೂರು, ಮಳವಳ್ಳಿಯ ಮೂರು ಸಂಘಗಳಿಂದ ಒಬ್ಬೊಬ್ಬರು ಬರಬಹುದು, ಅಲ್ಲಿ ಊಟ ವಸತಿ ಅವರದೇ, ಹೋಗಿ ಬರುವ ಖರ್ಚು ಮಾತ್ರ ನಮ್ಮದು.

ಯಾರು ಹೋಗಬೇಕು ಅನ್ನುವ ಪ್ರಶ್ನೆಯೇ ಏಳಲಿಲ್ಲ. ಎಲ್ಲರ ಕಣ್ಣೂ ಅಕ್ಕನ ಮೇಲೆ ಹೋಯಿತು. ಅವಳು ಸೆರಗಿನ ತುದಿ ನೋಡಿಕೊಂಡು ಕೂತಿದ್ದಳು. “ಅಲ್ಲಿ ಮೈಕು ಕೊಟ್ಟಾರಾ?” ಅಂತ ಹುಡುಗಿಯನ್ನು ಕೇಳಿದಳು. ಕೊಡುತ್ತಾರೆ ಅಂದಿದ್ದಕ್ಕೆ, “ಅಂಗಾದ್ರೆ ಓಗ್ತೀನಿ” ಅಂದಳು.

ದುಡ್ಡು ಕೂಡಿಸುವುದು ಶುರುವಾಯಿತು. ಮಂಡ್ಯದ ಸಂಘದವರು ಮಾರುಕಟ್ಟೆಯಲ್ಲಿ ಸೊಪ್ಪು ಮಾರುವವರು, ಅವರು ಕಛೇರಿಗಳ ಮುಂದೆ ನಿಪ್ಪಟ್ಟು, ತಂಬಿಟ್ಟು ಇಟ್ಟುಕೊಂಡು ಕೂತರು. ಮಳವಳ್ಳಿಯವರು ರೇಷ್ಮೆ ಹುಳ ಸಾಕುವವರು, ಮನೆಗೆ ಇಷ್ಟು ಅಂತ ಗೂಡು ಎತ್ತಿಟ್ಟರು. ನಾವು ಒಂದು ಹೊತ್ತಿನ ಹಾಲು ಕೊಡುವುದು ಅಂತ ಮಾಡಿದೆವು. ಒಂದು ಸೋಮವಾರ ಬೆಳಿಗ್ಗೆ ಸಂಘದವರೆಲ್ಲ ಡೈರಿಗೆ ಹಾಕಿದ ಹಾಲು ಪೂರ್ತಿ ಅಕ್ಕನ ಟಿಕೆಟ್ಟಿಗೆ. ಕಾರ್ಯದರ್ಶಿ ತಲೆ ಕೆರೆದುಕೊಂಡ.

“ಅಲ್ಲ ಕಣಮ್ಮ, ಎಂಗಸ್ರು ರೈಲು ಅತ್ತೋಕೆ ಆಲಿನ ದುಡ್ಡಾ? ಗಂಡಸ್ರನ್ನ ಒಂದ್ಮಾತು ಕೇಳದ್ ಬ್ಯಾಡ್ವಾ?”

“ಹಸ ಕರೆಯೋರು ನಾವು, ಸಗಣಿ ಬಾಚೋರು ನಾವು. ನೀನು ಬರೀ ಬರ್ಕೊಳೋನು. ಬಾಯಿ ಮುಚ್ಕೊಂಡು ಬರ್ಕೊ” ಅಂದೆ. ಬರೆದುಕೊಂಡ.

ಮದ್ದೂರು ಪಕ್ಕದ ಶಿವಪುರದಲ್ಲಿ ಸತ್ಯಾಗ್ರಹದ ನೆನಪಿನ ಸೌಧದ ಎದುರಿಗೆ ಎರಡು ದಿನ ಮಜ್ಜಿಗೆ ಮಾರಿದೆವು. ಮಂಡ್ಯದಲ್ಲಿ ದೊಡ್ಡ ಗೇಟಿನ ಮನೆಯೊಂದಕ್ಕೆ ಕೇಳಿಕೊಂಡು ಹೋದಾಗ ಯಜಮಾನರು ನಮ್ಮನ್ನು ಬಿಸಿಲಿನಲ್ಲೇ ನಿಲ್ಲಿಸಿ, ಈಗೆಲ್ಲ ಫೋನಿನಲ್ಲೇ ಸಭೆ ಆಗುತ್ತದಲ್ಲ, ಅಷ್ಟು ದೂರ ಯಾಕೆ ಹೋಗಬೇಕು ಅಂತ ಉಪದೇಶ ಮಾಡಿದರು. ಆಮೇಲೆ ಐವತ್ತು ರೂಪಾಯಿ ಕೊಟ್ಟು ಫೋಟೋ ತೆಗೆಸಿಕೊಂಡರು. “ಸ್ವಾಮಿ, ನಿಮ್ಮ ಮಗಳ ಮದುವೇನೂ ಫೋನಲ್ಲೇ ಮಾಡಿ” ಅಂದುಬಿಟ್ಟೆ. ಗೇಟಿನಾಚೆ ಬಂದ ಮೇಲೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗಳು ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಇಷ್ಟಾದರೂ ಸಾಲಲಿಲ್ಲ. ಕೊನೆಗೆ ಗುತ್ತಿಗೆ ನಾಟಿ ಹಿಡಿದೆವು. ಎಕರೆಗೆ ಇಷ್ಟು ಅಂತ ಮಾತಾಡಿಕೊಂಡು ಹತ್ತು ಹೆಂಗಸರು ಒಟ್ಟಿಗೆ ಇಳಿದು ಮುಗಿಸಿಕೊಡುವುದು. ನಮ್ಮ ಕಡೆ ಅಷ್ಟರಲ್ಲಿ ನಾಟಿ ಮುಗಿದಿತ್ತು. ಮಳವಳ್ಳಿ ಕಡೆಯ ತುದಿ ನಾಲೆಗೆ ನೀರು ತಡವಾಗಿ ಬಂದಿದ್ದರಿಂದ ಅಲ್ಲಿ ಒಂದು ವಾರದ ಕೆಲಸ ಸಿಕ್ಕಿತು. ಮೊದಲ ದಿನ ಬೆಳಿಗ್ಗೆ ಐದು ಗಂಟೆಗೆ ನಾವೆಲ್ಲ ಅರಳಿಕಟ್ಟೆಯ ಹತ್ತಿರ ನಿಂತಿದ್ದೆವು. ನಮ್ಮನ್ನು ಕರೆದುಕೊಂಡು ಹೋಗಲು ಬಂದದ್ದು ಲಗೇಜ್ ಆಟೋ.

ನಮಗ್ಯಾರಿಗೂ ಅದರ ಯೋಚನೆ ಬಂದಿರಲಿಲ್ಲ ಅಂದರೆ ನಂಬುವುದು ಕಷ್ಟ. ಆದರೆ ಬಂದಿರಲಿಲ್ಲ. ಗದ್ದೆ ಕೆಲಸ ಅಂದರೆ ಲಗೇಜ್ ಆಟೋ, ಅಷ್ಟು ಅಭ್ಯಾಸವಾಗಿತ್ತು. ಅಕ್ಕ ಗಾಡಿಯ ಹಿಂದೆ ಬಂದು ನಿಂತಾಗಲೇ ನಮಗೆ ಹೊಳೆದದ್ದು.

“ಬ್ಯಾಡ ಕಣಕ್ಕ” ಅಂದೆ ನಾನು. “ನೀನು ಮನೇಲಿರು. ಇಲ್ಲ, ಎಲ್ರೂ ಬಸ್ಸಿಗೇ ಹೋಗಣ, ಹೆಂಗಸ್ರಿಗೆ ಹೆಂಗೂ ಬಿಟ್ಟಿ.”

“ಬಿಟ್ಟಿ ಬಸ್ಸು ಬರಾದು ಎಂಟೂವರೆಗೆ” ಅಂದಳು ಅಕ್ಕ. “ಅಷ್ಟೊತ್ಗೆ ಒಂದು ಗದ್ದೆ ಮುಗ್ದಿರ್ತದೆ. ಐದು ಗಂಟೆಗೆ ಬಸ್ಸಿದ್ದಿದ್ರೆ ನನ್ ಮಗ್ಳು ಇದ್ನ ಯಾಕತ್ತಿದ್ಲು?” ಹಾಗಂದವಳೇ ಕಾಲೆತ್ತಿ ಹಲಗೆಯ ಮೇಲಿಟ್ಟು ಹತ್ತಿದಳು. ನಾಲೆಯ ತಿರುವು ಬಂದಾಗ ನನ್ನ ಕೈ ಹಿಡಿದುಕೊಂಡಳು. ಮೂಳೆ ನೋಯುವ ಹಾಗೆ ಹಿಡಿದಿದ್ದಳು. ಆ ವಾರ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ದಿನಾಲೂ ಹಾಗೇ.

ಅಲ್ಲಿ ಗದ್ದೆಯಲ್ಲೇ ಅವಳ ಭಾಷಣ ತಯಾರಾದದ್ದು. ಸಾಲಾಗಿ ಬಗ್ಗಿ ನಾಟಿ ಹಾಕುತ್ತಾ ಅವಳು ಹೇಳುವುದು, ನಾವು ತಿದ್ದುವುದು. ಮೊದಲು ಅದು ತುಂಬ ಉದ್ದ ಇತ್ತು. ಮಗಳು ಹುಟ್ಟಿದ್ದು, ಬೆಳೆದದ್ದು, ಅವಳಿಗೆ ಹುಳಿ ಮಾವಿನಕಾಯಿ ಇಷ್ಟ ಅನ್ನುವುದು ಎಲ್ಲ ಬರುತ್ತಿತ್ತು. ಮೈಕು ಅಷ್ಟು ಹೊತ್ತು ಕೊಡಲಿಕ್ಕಿಲ್ಲ ಅಂತ ನಾನೇ ಒಂದೊಂದಾಗಿ ತೆಗೆಸಿದೆ. ಮಾವಿನಕಾಯಿ ತೆಗೆಯುವಾಗ ಅವಳಿಗೆ ಮನಸ್ಸಿರಲಿಲ್ಲ, ಆದರೂ ತೆಗೆದಳು. ವಾರದ ಕೊನೆಗೆ ಉಳಿದದ್ದು ಇಷ್ಟು: “ನನ್ ಮಗ್ಳು ಸಾಮಾನಲ್ಲ. ಗದ್ದೆಗೆ ಓಗೋ ಎಣ್ಣಾಳ್ಗೆ ಬೆಳಿಗ್ಗೆ ಐದು ಗಂಟೆಗೆ ಒಂದು ಬಸ್ಸು ಕೊಡಿ.”

“ಇಷ್ಟೇ ಸಾಕಾ?” ಅಂದಳು.

“ಇಷ್ಟು ಹೇಳಿದ್ರೆ ಸಾಕು ಕಣಕ್ಕ” ಅಂದೆ.

ಹೊರಡುವ ಹಿಂದಿನ ದಿನ ಮೊಮ್ಮಗಳಿಗೆ ಜ್ವರ ಏರಿತು. ನಾಲ್ಕು ವರ್ಷದ ಮಗು, ಮೈ ಕೆಂಡ. ಮದ್ದೂರಿನ ಆಸ್ಪತ್ರೆಯಲ್ಲಿ ಸೇರಿಸಿಕೊಂಡು ಡ್ರಿಪ್ ಹಾಕಿದರು. ಮಾರನೆಯ ಬೆಳಿಗ್ಗೆ ನಾನು ಹೋದಾಗ ಅಕ್ಕ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಕಾಲ ಬಳಿ ಭೋಪಾಲಿಗೆಂದು ಕಟ್ಟಿಟ್ಟಿದ್ದ ಬ್ಯಾಗು. ಅದನ್ನು ತಂದದ್ದು ಯಾಕೆ ಅಂತ ನಾನು ಕೇಳಲಿಲ್ಲ. ಬಹುಶಃ ಸಂಜೆಯೊಳಗೆ ಜ್ವರ ಇಳಿದರೆ ಅಲ್ಲಿಂದಲೇ ಸ್ಟೇಷನ್ನಿಗೆ ಹೋಗಬಹುದು ಅಂದುಕೊಂಡಿದ್ದಳೋ ಏನೋ. ಮದ್ದೂರು ಸ್ಟೇಷನ್ನು ಅಲ್ಲೇ ಹತ್ತಿರ.

ಬ್ಯಾಗನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು. “ನನ್ ಬದ್ಲು ನೀನು ಓಗವ್ವ” ಅಂದಳು. “ಈ ಕೂಸ್ನ ಬುಟ್ಟು ನಾನು ಬರಾಕಿಲ್ಲ. ಅವತ್ತೂ ಇದರ ಕೆಮ್ಮಿಗೇ ಉಳ್ಕೊಂಡಿದ್ದೆ, ಇವತ್ತೂ ಉಳ್ಕೊತೀನಿ.”

“ನನ್ನ ಕೈಲಾಗಲ್ಲ ಕಣಕ್ಕ, ಅದು ನಿನ್ನ ಮಾತು.”

“ನಿನ್ ಕೈಲಾಗ್ದೆ ಇನ್ಯಾರ್ ಕೈಲಾದದು? ಇಡೀ ಊರು ನಿನ್ ಬಾಯ್ಗೆ ಎದ್ರುತದೆ.” ಆಮೇಲೆ ಸ್ವಲ್ಪ ನಾಚಿಕೊಂಡವಳ ಹಾಗೆ, “ಮುಯ್ಯಾಳು ಅಂತ ಓಗು” ಅಂದಳು. “ನಂಗೆ ಗದ್ದೆ ಇಲ್ಲ, ಯಾರೂ ಮುಯ್ಯಿ ಬಂದೋರಿಲ್ಲ. ಒಂದು ಸಲ ನನ್ಗೂ ಮುಯ್ಯಾಳು ಸಿಗ್ಲಿ. ನಾನು ತೀರುಸ್ತೀನಿ ಕಣವ್ವ, ಬಾಕಿ ಇಟ್ಕೊಳಾಕಿಲ್ಲ.”

ಮುಯ್ಯಿ ಅಂತ ಕೇಳಿದವರಿಗೆ ಇಲ್ಲ ಅನ್ನುವ ಹಾಗಿಲ್ಲ. ನಾನು ಬ್ಯಾಗು ತೆಗೆದುಕೊಂಡೆ.

ಅದರಲ್ಲಿ ಅವಳ ಎರಡು ಸೀರೆ, ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮಗಳ ಒಂದು ಸಣ್ಣ ಫೋಟೋ. ರೈಲಿನಲ್ಲಿ ನಾವು ನಾಲ್ವರು, ಮಂಡ್ಯದವಳು, ಮಳವಳ್ಳಿಯವಳು, ನಾನು, ನಮ್ಮನ್ನು ಕರೆದೊಯ್ಯುತ್ತಿದ್ದ ಹುಡುಗಿ. ಟಿಕೆಟ್ಟಿನಲ್ಲಿ ಅಕ್ಕನ ಹೆಸರೇ ಇತ್ತು. ಟಿ.ಸಿ. ಬಂದು ಆ ಹೆಸರು ಕೂಗಿದಾಗ ನಾನು ಹೂಂ ಅಂದೆ. ಅವನು ಪಟ್ಟಿಯಲ್ಲಿದ್ದ ವಯಸ್ಸು ನೋಡಿದ, ನನ್ನ ಮುಖ ನೋಡಿದ, ಅರವತ್ತು ದಾಟಿದವಳೇ ಇರಬೇಕು ಅಂತ ಗುರುತು ಹಾಕಿಕೊಂಡು ಮುಂದೆ ಹೋದ. ನನಗಿನ್ನೂ ಐವತ್ತು ತುಂಬಿರಲಿಲ್ಲ, ಮೈಯೆಲ್ಲ ಉರಿದುಹೋಯಿತು. ದಾರಿಯುದ್ದಕ್ಕೂ ಅವಳ ಸೀರೆ ಉಟ್ಟುಕೊಂಡು, ಅವಳ ರೊಟ್ಟಿ ತಿಂದುಕೊಂಡು, ಅವಳ ಎರಡು ಮಾತನ್ನು ಬಾಯಿಪಾಠ ಮಾಡುತ್ತಾ ಹೋದೆ.

ಸಮ್ಮೇಳನದ ಜಾಗ ಸಿನಿಮಾ ಥಿಯೇಟರಿನಷ್ಟು ದೊಡ್ಡದು, ಒಳಗೆ ಚಳಿ. ಮೊದಲ ದಿನ ಪೂರ್ತಿ ವೇದಿಕೆ ಮೇಲಿನವರು ಮಾತಾಡಿದರು. ಎರಡನೆಯ ದಿನ ನಮ್ಮ ಸರದಿ ಊಟಕ್ಕೆ ಮುಂಚೆ ಅಂದರು, ಆಮೇಲೆ ಊಟವಾದ ಮೇಲೆ ಅಂದರು, ಆಮೇಲೆ ಚಹಾ ಆದ ಮೇಲೆ ಅಂದರು. ನಮ್ಮನ್ನು ಕರೆದಾಗ ಮುಂದಿನ ಸಾಲಿನಲ್ಲಿ ದೆಹಲಿಯವರು ಇನ್ನೂ ಕೂತಿದ್ದರು. ಮೆಟ್ಟಿಲು ಹತ್ತುವಾಗ ನಮ್ಮನ್ನು ಕರೆತಂದ ಹುಡುಗಿ ಓಡಿ ಬಂದು ನನ್ನ ತೋಳು ಹಿಡಿದಳು. ಅವಳ ಮುಖ ಸಣ್ಣದಾಗಿತ್ತು.

“ಅಕ್ಕಾ, ಟೈಮಿಲ್ಲವಂತೆ. ಕರ್ನಾಟಕದವರು ಒಂದು ಹಾಡು ಹೇಳಿ ಮುಗಿಸಿ ಅಂತಿದ್ದಾರೆ. ಮಾತಾದರೆ ಅನುವಾದ ಮಾಡಬೇಕು, ಹಾಡಾದರೆ ಬೇಡವಲ್ಲ ಅಂತ. ಒಂದು ನಾಟಿ ಪದ ಹೇಳಿಬಿಡಿ.”

ಊರಿನಲ್ಲಾಗಿದ್ದರೆ ನಾನು ಏನು ಅನ್ನುತ್ತಿದ್ದೆ ಅಂತ ನನಗೆ ಗೊತ್ತು. ಅಲ್ಲಿ ಏನೂ ಅನ್ನಲಿಲ್ಲ. ಮೂವರು ನಿಂತು ಹಾಡಿದೆವು. ಮೈಕು ನನ್ನ ಕೈಯಲ್ಲಿತ್ತು, ನನ್ನ ದನಿಯೇ ಮೇಲಿತ್ತು. ಮುಂದಿನ ಸಾಲಿನವರು ತಾಳ ಹಾಕಿದರು, ಫೋನು ಎತ್ತಿ ಹಿಡಿದರು. ಹಾಡು ಮುಗಿದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು.

ಈಗ ಹೇಳಬೇಕಾದ್ದು ಹೇಳಿಬಿಡುತ್ತೇನೆ. ಯಾರೂ ನನ್ನ ಕೈಯಿಂದ ಮೈಕು ಕಿತ್ತುಕೊಳ್ಳಲಿಲ್ಲ. ಚಪ್ಪಾಳೆ ನಿಂತ ಮೇಲೂ ಅದು ನನ್ನ ಕೈಯಲ್ಲೇ ಇತ್ತು. ಎರಡೇ ಮಾತು, ಉಸಿರು ತೆಗೆದುಕೊಂಡು ಬಿಡುವಷ್ಟರಲ್ಲಿ ಮುಗಿಯುತ್ತಿತ್ತು. ಕನ್ನಡದಲ್ಲೇ ಕಿರುಚಿದ್ದರೂ ಆಗುತ್ತಿತ್ತು, ಅರ್ಥವಾಗದಿದ್ದರೆ ಯಾರಾದರೂ ಏನು ಅಂತ ಕೇಳುತ್ತಿದ್ದರು. ಆದರೆ ಆ ಚಪ್ಪಾಳೆ ನನಗೆ ಹಿತವಾಗಿತ್ತು. ಹುಟ್ಟಿದಾರಭ್ಯ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅಷ್ಟು ಜನ ನಗುತ್ತಿರುವಾಗ ಸತ್ತ ಹುಡುಗಿಯ ಮಾತು ಎತ್ತಿ ಅವರ ಮುಖ ಕೆಡಿಸಲು ನನಗೆ ಮನಸ್ಸು ಬರಲಿಲ್ಲ. ಮೈಕನ್ನು ಪಕ್ಕದಲ್ಲಿದ್ದ ಮೇಡಂ ಕೈಗೆ ಕೊಟ್ಟು, ಕೈಮುಗಿದು, ಇಳಿದು ಬಂದೆ. ಅಕ್ಕನ ಸೀರೆ ಉಟ್ಟುಕೊಂಡು.

ಬರುವಾಗ ಮಳವಳ್ಳಿಯವಳು ನನ್ನ ಎದುರು ಕೂತು ಎಷ್ಟೋ ಹೊತ್ತು ನನ್ನನ್ನೇ ನೋಡಿದಳು. ನಾನು ಕಿಟಕಿಯಾಚೆ ನೋಡಿದೆ.

ಮದ್ದೂರು ಸ್ಟೇಷನ್ನಿನಲ್ಲಿ ಇಳಿದರೆ ಅಕ್ಕ ಅಲ್ಲೇ ಇದ್ದಳು. ಕಂಕುಳಲ್ಲಿ ಮೊಮ್ಮಗಳು, ಜ್ವರ ಬಿಟ್ಟು ಬಡಕಲಾಗಿದ್ದ ಮಗು. ಅಕ್ಕ ಬ್ಯಾಗನ್ನು ನೋಡಲಿಲ್ಲ, ದಾರಿ ಹೇಗಾಯಿತು ಅಂತ ಕೇಳಲಿಲ್ಲ.

“ಯೋಳ್ದಾ?”

“ಹೇಳ್ದೆ ಕಣಕ್ಕಾ.”

“ಎರ್ಡೂ ಯೋಳ್ದಾ?”

“ಎರಡೂ ಹೇಳ್ದೆ.”

ಅವಳು ಮಗುವನ್ನು ಪಕ್ಕದ ಬೆಂಚಿನ ಮೇಲೆ ಕೂರಿಸಿ, ನನ್ನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ಅಯ್ಯೋ ದೇವರೇ, ಆಗಲಾದರೂ ಹೇಳಬಹುದಿತ್ತು.

ಹಾಡಿನ ವಿಡಿಯೋ ಎಲ್ಲರ ಫೋನಿಗೂ ಬಂತು. ಊರಿನವರು ನನ್ನನ್ನು ಹಾಡಿ ಹೊಗಳಿದರು. ಡೈರಿಯ ಕಾರ್ಯದರ್ಶಿ ಕೂಡ, “ಪರ್ವಾಗಿಲ್ಲ ಕಣಮ್ಮ, ನಮ್ಮ ಆಲು ದಂಡ ಆಗ್ಲಿಲ್ಲ” ಅಂದ. ಅಕ್ಕ ಬೇರೆಯವರ ಫೋನಿನಲ್ಲಿ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದಳು. ಹಾಡು ಮುಗಿದ ಕೂಡಲೇ ವಿಡಿಯೋ ನಿಲ್ಲುತ್ತಿತ್ತು. “ಮಾತು ಇದಾದ್ಮೇಲೆ ಯೋಳಿದ್ದಾ?” ಅಂತ ಕೇಳಿದಳು. ಹೌದು ಅಂದೆ. ಒಂದು ಸುಳ್ಳು ಹೇಳಿದವಳಿಗೆ ಎರಡನೆಯದು ಕಷ್ಟವಾಗಲಿಲ್ಲ.

ಅವಳು ಕಾಯತೊಡಗಿದಳು. ಪೋಸ್ಟಿನವನು ಬಂದರೆ ಕಾಗದ ಬಂತಾ ಅಂತ ನನ್ನ ಮನೆಗೆ ಬರುತ್ತಿದ್ದಳು. ಜೀಪೊಂದು ಊರೊಳಗೆ ಬಂದರೆ ಭೋಪಾಲಿನವರಾ ಅಂತ ಕೇಳುತ್ತಿದ್ದಳು. ದಸರಾಕ್ಕೆ ಮೈಸೂರಿಗೆ ವಿಶೇಷ ಬಸ್ಸು ಬಿಟ್ಟಾಗ, ಬೆಳಗಾಗುವ ಮುಂಚೆಯೇ ಅದು ನಮ್ಮೂರ ಮೇಲೆ ಹಾದುಹೋಯಿತು. ಅಕ್ಕ ಓಡೋಡಿ ಬಂದು ನನ್ನ ಬಾಗಿಲು ಬಡಿದಳು. “ಬಂತು ಕಣವ್ವ, ಬಂತು! ನಿನ್ ಬಾಯ್ಗೆ ಸಕ್ರೆ ಆಕ!” ಅದು ದಸರಾದ ಬಸ್ಸು ಅಂತ ತಲೆ ತಗ್ಗಿಸಿಕೊಂಡೇ ಹೇಳಿದೆ. “ಓಗ್ಲಿ ಬುಡು, ಇಷ್ಟ್ ಬೇಗ ಎಲ್ಲಾದದು” ಅಂತ ಅವಳೇ ನನ್ನನ್ನು ಸಮಾಧಾನ ಮಾಡಿದಳು.

ಮುಂದಿನ ವರ್ಷ ನಾಲೆಗೆ ನೀರು ಬಂತು. ನನ್ನ ಮುಕ್ಕಾಲು ಎಕರೆಗೆ ಒಟ್ಲು, ಅಂದರೆ ಸಸಿ ಮಡಿ, ತಯಾರಾಗಿತ್ತು. ಪೈರು ಕೀಳುವ ಮೊದಲ ದಿನ ನಾನು ಗದ್ದೆಗೆ ಹೋಗುವಷ್ಟರಲ್ಲಿ ಅಕ್ಕ ಸೀರೆ ಎತ್ತಿ ಕಟ್ಟಿ ಒಟ್ಲಿನಲ್ಲಿ ಕೂತು ಕೀಳುತ್ತಿದ್ದಳು. ನಾನು ಅವಳನ್ನು ಕರೆದಿರಲಿಲ್ಲ.

“ಐದು ದಿನ ನಿನ್ ಮುಯ್ಯಿ ಅದೆ” ಅಂದಳು. “ಓಗಾಕೆ, ಬರಾಕೆ, ಅಲ್ಲಿ ಇರಾಕೆ, ಎಲ್ಲ ಸೇರಿ ಐದು. ಲೆಕ್ಕ ಇಟ್ಟಿವ್ನಿ.”

“ಬ್ಯಾಡ ಕಣಕ್ಕ, ಅದಕ್ಕೆಲ್ಲ ಮುಯ್ಯಿ ಅಂತಾರಾ?” ಅಂದೆ.

“ಯಾಕನ್ನಲ್ಲ? ನನ್ಗೆ ಗದ್ದೆ ಇಲ್ದಿದ್ರೆ ಏನು, ಮಾತಿರ್ಲಿಲ್ವಾ? ನನ್ ಮಾತ್ಗೆ ನೀನು ಬಂದೆ, ನಿನ್ ಗದ್ದೆಗೆ ನಾನು ಬಂದೆ.” ಸಂಜೆ ಕೂಲಿಯವರು ದುಡ್ಡಿಗೆ ನಿಂತಾಗ ಅವಳು ನಿಲ್ಲಲಿಲ್ಲ. ಕಾಲು ತೊಳೆದುಕೊಂಡು, ಮುಯ್ಯಾಳುಗಳ ಜೊತೆ ಮಾತಾಡಿಕೊಂಡು, ನೆಟ್ಟಗೆ ನಡೆದುಹೋದಳು. ಆ ನಡಿಗೆ ನಾನು ಮೊದಲು ನೋಡಿರಲಿಲ್ಲ.

ಎರಡನೆಯ ದಿನ ಬದು ಸವರಿದಳು. ಮೂರನೆಯ ದಿನ ಮತ್ತೆ ಪೈರು ಕಿತ್ತಳು. ನಾಲ್ಕನೆಯ ದಿನ ನಾಟಿ. ಎಲ್ಲರಿಗಿಂತ ಮುಂದೆ ಅವಳ ಸಾಲು. ನಾನು ಪ್ರತಿ ರಾತ್ರಿ ನಾಳೆ ಹೇಳುತ್ತೇನೆ ಅಂದುಕೊಳ್ಳುವುದು, ಬೆಳಿಗ್ಗೆ ಅವಳ ಮುಖ ನೋಡಿ ನುಂಗಿಕೊಳ್ಳುವುದು. ಇನ್ನೊಂದು ದಿನ ಕಳೆದರೆ ಮುಗಿಯಿತು, ಅವಳ ಮನಸ್ಸಿಗೂ ನೆಮ್ಮದಿ ಅಂತಲೂ ಅನ್ನಿಸಿತು. ಅಷ್ಟು ನೀಚಬುದ್ಧಿ.

ಆ ದಿನ ಸಂಜೆ ಪಕ್ಕದ ಗದ್ದೆಯ ಕೂಲಿ ಹೆಂಗಸರನ್ನು ಕರೆದೊಯ್ಯಲು ಲಗೇಜ್ ಆಟೋ ಬಂತು. ಅವರಲ್ಲಿ ಒಬ್ಬಳು ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ಗಾಡಿ ತುಂಬಿದ್ದು ನೋಡಿ ಹತ್ತಲು ಹಿಂದೆ ಮುಂದೆ ನೋಡುತ್ತಿದ್ದಳು. ನಾಲೆಯ ತಿರುವಿನ ಸುದ್ದಿ ಅವಳಿಗೂ ಯಾರೋ ಹೇಳಿದ್ದರಂತೆ. ಅಕ್ಕ ಕೆಸರುಗೈಯಲ್ಲೇ ಬದುವಿನ ಮೇಲೆ ಹೋಗಿ ಅವಳ ಬೆನ್ನು ಸವರಿದಳು.

“ಅತ್ತವ್ವ, ಎದ್ರುಕೋಬ್ಯಾಡ. ಇನ್ನೇನ್ ಸ್ವಲ್ಪ ದಿನ. ಮೇಲ್ನೋರ್ಗೆ ಯೋಳಿ ಬಂದವ್ಳೆ ನಮ್ಮವ್ವ. ಐದು ಗಂಟೆ ಬಸ್ಸು ಬಂದೇ ಬತ್ತದೆ.”

ಆ ಹುಡುಗಿ ನನ್ನ ಕಡೆ ನೋಡಿ ನಕ್ಕು ಗಾಡಿ ಹತ್ತಿದಳು. ಗಾಡಿ ಹೊರಟಿತು. ನನಗೆ ನಿಂತಲ್ಲಿ ನಿಲ್ಲಲು ಆಗಲಿಲ್ಲ.

“ಅಕ್ಕಾ” ಅಂದೆ. “ನಾನು ಹೇಳ್ಲಿಲ್ಲ.”

ಅವಳು ತಿರುಗಿದಳು.

“ಅಲ್ಲಿ ನಾನು ಹೇಳ್ಲೇ ಇಲ್ಲ ಕಣಕ್ಕ. ಹಾಡು ಹೇಳಿ ಅಂದ್ರು, ಹಾಡಿದೆ. ಮೈಕು ಕೈಲೇ ಇತ್ತು. ಎಲ್ರೂ ಚಪ್ಪಾಳೆ ಹೊಡೀತಿದ್ರು. ನನ್ನ ಬಾಯಿಗೆ ಏನಾಯ್ತೋ. ಕೊಟ್ಟು ಇಳ್ದು ಬಂದ್ಬುಟ್ಟೆ.”

ಅವಳು ಬೈಯುತ್ತಾಳೆ ಅಂದುಕೊಂಡೆ. ಬೈಯಲಿ ಅಂತ ಆಸೆಪಟ್ಟೆ. ಮಣ್ಣು ತೂರಿ ಶಾಪ ಹಾಕಲಿ, ಕೆನ್ನೆಗೆ ಹೊಡೆಯಲಿ. ಅವಳು ನನ್ನನ್ನು ನೋಡಲಿಲ್ಲ. ಗಾಡಿ ಹೋದ ದಾರಿಯನ್ನು ನೋಡುತ್ತಾ ನಿಂತಳು, ಅದು ಕಬ್ಬಿನ ಗದ್ದೆಯ ಹಿಂದೆ ಮರೆಯಾಗುವ ತನಕ. ಆಮೇಲೆ ಕಾಲುವೆಗೆ ಇಳಿದು ಕೈ ತೊಳೆದಳು, ಕಾಲು ತೊಳೆದಳು, ಎತ್ತಿ ಕಟ್ಟಿದ ಸೀರೆ ಇಳಿಬಿಟ್ಟಳು. ನಿಧಾನವಾಗಿ ಬಂದು ಕೂಲಿಯವರು ಸಂಜೆ ನಿಲ್ಲುವ ಜಾಗದಲ್ಲಿ, ಬದುವಿನ ಕೆಳಗೆ, ನಿಂತುಕೊಂಡಳು.

“ಅಂಗಾದ್ರೆ ನಾಕು ದಿನದ ಕೂಲಿ ಕೊಟ್ಬುಡವ್ವ” ಅಂದಳು.

ನಾನು ಅಳುತ್ತಿದ್ದೆ. ಬ್ಯಾಡ ಕಣಕ್ಕ, ಹಂಗನ್ನಬ್ಯಾಡ ಅಂದೆ. ಅವಳು ಕೈ ಚಾಚಿಕೊಂಡೇ ನಿಂತಿದ್ದಳು. ಕೊಟ್ಟೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕಾಲೋನಿಯ ದಾರಿ ಹಿಡಿದಳು.

ಐದನೆಯ ದಿನ ಅವಳು ಬರಲಿಲ್ಲ. ಅರ್ಧಕ್ಕೆ ನಿಂತಿದ್ದ ಅವಳ ಸಾಲನ್ನು ನಾನೇ ಮುಗಿಸಿದೆ. ಈಗಲೂ ಹೇಳಿ ಕಳಿಸಿದರೆ ನಮ್ಮ ಗದ್ದೆಗೆ ಬರುತ್ತಾಳೆ, ಮಾತಾಡಿಸಿದರೆ ಮಾತಾಡುತ್ತಾಳೆ, ಮೊಮ್ಮಗಳು ಸ್ಕೂಲಿಗೆ ಹೋಗುವುದನ್ನು ಹೇಳುತ್ತಾಳೆ. ಸಂಜೆ ಉಳಿದವರ ಜೊತೆ ಬದುವಿನ ಕೆಳಗೆ ನಿಂತು ಕೂಲಿ ಈಸಿಕೊಂಡು ಹೋಗುತ್ತಾಳೆ.